ಬೆಂಗಳೂರಿನ ಗೋಡೆಗಳ ಮೇಲೆ ಪತಂಗಕ್ಕೂ ಜಾಗ ಕೊಡಿ: ಐದು ಪಾಲಿಕೆಗಳ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ ಅಂತ ನಮ್ಮ ಊರು ಈಗ ಐದು ಪಾಲಿಕೆ ಆಗಿದೆ. ಚಿಟ್ಟೆಯ ಹಾಗೇ ರೆಕ್ಕೆ ಇದ್ದು ಹೆಚ್ಚಾಗಿ ರಾತ್ರಿ ಹಾರುವ ಪತಂಗಗಳಿಗೆ ಊರಿನ ಗೋಡೆಗಳ ಮೇಲೆ ಜಾಗ ಕೇಳಲು ಹೊರಟಿದ್ದೇನೆ. ಇದು ಐದೂ ಕಡೆಗೆ ಸೇರಿದ ವಿಷಯ, ಅದಕ್ಕೆ ನಿಮ್ಮೆಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಗೋಡೆಗಳಿಗೆ ಚಿತ್ರ ಬರೆಯುವ ಕಲಾವಿದರೂ, ಆ ಗೋಡೆಗಳ ಮುಂದೆ ದಿನಾ ಓಡಾಡುವ ಜನರೂ ಓದಲಿ ಅಂತಲೇ ಇದನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಕಳೆದ ಮಳೆಗಾಲದ ಮಾತು. ನಮ್ಮ ಬಡಾವಣೆಯ ಬಸ್ ಸ್ಟಾಪಿನ ಪಕ್ಕ ಒಂದು ಉದ್ದನೆಯ ಕಾಂಪೌಂಡು ಗೋಡೆ ಇದೆ. ಅದರ ಬುಡದಲ್ಲಿ ಆರೇಳು ನಂದಿಬಟ್ಟಲು ಗಿಡಗಳಿದ್ದವು. ಯಾರು ನೆಟ್ಟಿದ್ದರೋ ಗೊತ್ತಿಲ್ಲ, ಬೆಳಿಗ್ಗೆ ಪೂಜೆಗೆ ಅಂತ ಅಕ್ಕಪಕ್ಕದ ಅಜ್ಜಿಯರೆಲ್ಲ ಹೂ ಬಿಡಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ಆ ಗೋಡೆಗೆ ಚಿತ್ರ ಬರೆಸುವುದು ಅಂತ ತೀರ್ಮಾನ ಆಯಿತು. ಯಾರು ಬರೆಸಿದರು ಅನ್ನುವುದು ಇಲ್ಲಿ ಬೇಡ, ಅವರ ಉದ್ದೇಶ ಒಳ್ಳೆಯದೇ ಇತ್ತು. ಏಣಿ ಇಡುವುದಕ್ಕೆ ಜಾಗ ಬೇಕು ಅಂತ ನಂದಿಬಟ್ಟಲನ್ನೆಲ್ಲ ಬುಡಸಮೇತ ಕಿತ್ತರು. ಮಣ್ಣಿನ ಮೇಲೆ ಸಿಮೆಂಟ್ ಟೈಲ್ಸ್ ಕೂರಿಸಿದರು. ಗೋಡೆಯ ಮೇಲೆ ಆಳೆತ್ತರದ ಒಂದು ಚಿಟ್ಟೆ ಬಂತು, ಗುಲಾಬಿ ರೆಕ್ಕೆ, ನೀಲಿ ಚುಕ್ಕಿ. ಆ ಬಣ್ಣದ ಚಿಟ್ಟೆಯನ್ನು ನಾನು ಎಲ್ಲೂ ನೋಡಿಲ್ಲ. ಅದು ರಾತ್ರಿಯೂ ಕಾಣಲಿ ಅಂತ ಕೆಳಗಿನಿಂದ ಮೂರು ಬಿಳಿ ಫೋಕಸ್ ಲೈಟು ಹಾಕಿದರು.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೋದಾಗ, ರಸ್ತೆ ಗುಡಿಸುವ ಅಕ್ಕ ಆ ಲೈಟುಗಳ ಕೆಳಗೆ ಏನನ್ನೋ ಗುಡ್ಡೆ ಮಾಡುತ್ತಿದ್ದರು. ಬಗ್ಗಿ ನೋಡಿದೆ. ರೆಕ್ಕೆಗಳು. ಕಂದು, ಬೂದಿ, ತಿಳಿಹಳದಿ, ಒಂದೆರಡು ಹಸಿರು. ಕೆಲವಕ್ಕೆ ಇನ್ನೂ ಜೀವ ಇತ್ತು, ಟೈಲ್ಸ್ ಮೇಲೆ ಬೆನ್ನಡಿಯಾಗಿ ಬಿದ್ದು ಗಿರ್ರನೆ ಸುತ್ತುತ್ತಿದ್ದವು. "ದಿನಾ ಇಷ್ಟೇ ಅಣ್ಣಾ, ಲೈಟ್ ಹಾಕ್ಸಿದ್ಮೇಲೆ" ಅಂದರು ಅವರು. ಪೊರಕೆಯನ್ನು ಒಂದು ನಿಮಿಷ ನಿಲ್ಲಿಸಿ, ಬದುಕಿದ್ದ ಒಂದನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು ಗೋಡೆಯಾಚೆ ಬಿಟ್ಟರು. ನನಗೆ ಆವತ್ತಿನಿಂದ ಆ ಗೋಡೆಯನ್ನು ಸುಮ್ನೆ ನೋಡಿಕೊಂಡು ಹೋಗಲು ಆಗಿಲ್ಲ.

ಕಿತ್ತ ನಂದಿಬಟ್ಟಲಿನಲ್ಲಿ ಏನಿತ್ತು ಅನ್ನುವುದು ನನಗೆ ಗೊತ್ತಿತ್ತು, ನಮ್ಮ ಮನೆಯ ಗೇಟಿನ ಪಕ್ಕವೂ ಒಂದು ಅದೇ ಗಿಡ ಇದೆ. ಮೊದಲು ಕಾಣುವುದು ಹಿಕ್ಕೆ. ನೆಲದ ಮೇಲೆ ಮೆಣಸಿನಕಾಳಿನ ಹಾಗೆ ಕಪ್ಪಗೆ ಉದುರಿರುತ್ತದೆ. ಅದರ ನೇರಕ್ಕೆ ಮೇಲೆ ಹುಡುಕಿದರೆ ಎಲೆಯ ಬಣ್ಣದ್ದೇ ಒಂದು ಹುಳು, ಕಿರುಬೆರಳಿಗಿಂತ ದಪ್ಪ, ಬಾಲದ ತುದಿಯಲ್ಲಿ ಒಂದು ಪುಟ್ಟ ಕೊಂಬು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆ ತಗ್ಗಿಸಿ ಕುತ್ತಿಗೆ ಉಬ್ಬಿಸುತ್ತದೆ, ಆಗ ಎರಡು ನೀಲಿ ಕಣ್ಣು ನಮ್ಮನ್ನೇ ನೋಡಿದ ಹಾಗೆ ಕಾಣುತ್ತವೆ. ಅವು ನಿಜವಾದ ಕಣ್ಣಲ್ಲ, ಹಕ್ಕಿಯನ್ನು ಹೆದರಿಸುವ ಗುರುತು. ನಂದಿಬಟ್ಟಲು, ಕಣಗಿಲೆಯ ಹಾಲು ಬೇರೆ ಎಷ್ಟೋ ಪ್ರಾಣಿಗಳಿಗೆ ಆಗುವುದಿಲ್ಲ, ಕಣಗಿಲೆಯಂತೂ ಮನುಷ್ಯರಿಗೂ ವಿಷ. ಈ ಹುಳು ಅದನ್ನೇ ತಿಂದು ಬೆಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಒಂದು ದಿನ ಹಸಿರು ಹೋಗಿ ಕಂದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಿಡ ಇಳಿದು ನೆಲದ ಮೇಲೆ ಗಡಿಬಿಡಿಯಲ್ಲಿ ಓಡುತ್ತದೆ. ತರಗೆಲೆಯ ಅಡಿಯಲ್ಲೋ ಸಡಿಲ ಮಣ್ಣಿನಲ್ಲೋ ನುಗ್ಗಿ ಕೋಶ ಕಟ್ಟುತ್ತದೆ. ಎರಡು ಮೂರು ವಾರ ಬಿಟ್ಟು ಅದರಿಂದ ಹೊರಗೆ ಬರುವುದು ಹಸಿರು, ನಸುಗುಲಾಬಿ, ಬಿಳಿ ಪಟ್ಟಿಗಳು ಒಂದರ ಮೇಲೊಂದು ಹರಿದ ಹಾಗಿರುವ ಒಂದು ಪತಂಗ. ಕೈ ಬೆರಳಷ್ಟು ಉದ್ದ, ಜೆಟ್ ವಿಮಾನದ ಹಾಗೆ ರೆಕ್ಕೆ ಹಿಂದಕ್ಕೆ ಚಾಚಿರುತ್ತದೆ. ಇಂಗ್ಲಿಷಿನಲ್ಲಿ ಓಲಿಯಾಂಡರ್ ಹಾಕ್ ಮಾತ್. ನಮ್ಮ ಮನೆಯಲ್ಲಿ ನಂದಿಬಟ್ಟಲ ಪತಂಗ ಅಂತಲೇ ಕರೆಯುತ್ತೇವೆ.

ಈಗ ಆ ಗೋಡೆಯ ಬುಡ ನೆನೆಸಿಕೊಳ್ಳಿ. ತಿನ್ನಲು ಎಲೆ ಇಲ್ಲ. ಇಳಿದು ಬಂದರೂ ಹೊಕ್ಕಲು ಮಣ್ಣಿಲ್ಲ. ಯಾವುದಾದರೂ ಎಲ್ಲಿಂದಲೋ ಹಾರಿ ಬಂದರೆ ಕೆಳಗಿನಿಂದ ಲೈಟು. ಇಷ್ಟೆಲ್ಲ ಮಾಡಿದ್ದು ಒಂದು ಚಿಟ್ಟೆಯ ಚಿತ್ರಕ್ಕಾಗಿ.

ನನ್ನ ಬೇಡಿಕೆ ಇಷ್ಟು. ಮುಂದಿನ ಸಲ ಗೋಡೆಗಳಿಗೆ ಚಿತ್ರ ಬರೆಸುವಾಗ, ಪ್ರತಿ ಪಾಲಿಕೆಯಲ್ಲೂ ಒಂದೇ ಒಂದು ಗೋಡೆಯನ್ನು ಈ ನೆಲದ ಪತಂಗಗಳಿಗೂ ಅವು ಬದುಕುವ ಗಿಡಗಳಿಗೂ ಮೀಸಲಿಡಿ. ಚಿತ್ರದಲ್ಲಿರುವ ಗಿಡವನ್ನೇ ಗೋಡೆಯ ಬುಡದಲ್ಲಿ ನೆಡಿಸಿ. ಗೋಡೆಗೂ ಕಾಲುದಾರಿಗೂ ನಡುವೆ ಎರಡು ಅಡಿ ಮಣ್ಣು ಬಿಡಿ. ರಾತ್ರಿ ಆ ಗೋಡೆಗೆ ಲೈಟು ಹಾಕಬೇಡಿ. ಐದು ಗೋಡೆ ಅಂದರೆ ಈ ದೊಡ್ಡ ಊರಿಗೆ ಯಾವ ಲೆಕ್ಕ ಹೇಳಿ.

ಬೆಂಗಳೂರಿಗೆ ಗೋಡೆ ಚಿತ್ರ ಹೊಸದೇನಲ್ಲ. 2009ರ ಸುಮಾರಿಗೆ ಆಗಿನ ಬಿಬಿಎಂಪಿ ಊರಿನ ಗೋಡೆಗಳಿಗೆಲ್ಲ ಚಿತ್ರ ಬರೆಸಿತ್ತು, ನೆನಪಿದೆಯಾ? ಸಿನಿಮಾ ಬ್ಯಾನರು ಬರೆದು ಕೈ ಪಳಗಿದ್ದ ಎಷ್ಟೋ ಜನರಿಗೆ ಫ್ಲೆಕ್ಸ್ ಬಂದ ಮೇಲೆ ಕೆಲಸ ಇರಲಿಲ್ಲ, ಅಂಥವರು ಏಣಿ ಹತ್ತಿ ಜಲಪಾತ, ಯಕ್ಷಗಾನ, ಹುಲಿ, ಹಂಪಿಯ ರಥ ಬರೆದರು. ಕೆಲವರು ನಕ್ಕರು, ನನಗೆ ಮಾತ್ರ ಆ ಚಿತ್ರಗಳು ಇಷ್ಟವಾಗಿದ್ದವು. ಬಸ್ಸಿನಲ್ಲಿ ಕೂತ ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದರು. ಆಮೇಲೆ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ತಂದು ಇಟ್ಟಾಗ ಇಡೀ ದೇಶ ಆ ಗುಂಡಿಯನ್ನು ನೋಡಿತು. ನಾವು ದಿನಾ ದಾಟಿ ಹೋಗುವುದರ ಮುಂದೆ ನಮ್ಮನ್ನು ನಿಲ್ಲಿಸುವ ಶಕ್ತಿ ಬೀದಿಯ ಕಲೆಗೆ ಇದೆ. ಪತಂಗಕ್ಕೆ ಬೇಕಾಗಿರುವುದೂ ಅದೇ ಅಲ್ವಾ? ಅದು ಬರುವುದು ನಾವು ಬಾಗಿಲು ಹಾಕಿಕೊಂಡ ಮೇಲೆ. ಒಳಗೆ ಬಂದರೆ ಚಪ್ಪಲಿ ಎತ್ತುತ್ತೇವೆ.

ಚಿಟ್ಟೆಯ ಮೇಲೆ ನನಗೇನೂ ಬೇಸರ ಇಲ್ಲ. ಚಿಟ್ಟೆಗೆ ನಾವು ಬೇಕಾದಷ್ಟು ಮರ್ಯಾದೆ ಕೊಟ್ಟಿದ್ದೇವೆ, ಅದು ಸರಿಯೇ. 2006ರಲ್ಲಿ ಬನ್ನೇರುಘಟ್ಟದಲ್ಲಿ ಚಿಟ್ಟೆ ಪಾರ್ಕ್ ಆಯಿತು. ನಮ್ಮ ರಾಜ್ಯಕ್ಕೆ ಅಂತ ಒಂದು ಚಿಟ್ಟೆಯೂ ಇದೆ, ಸದರ್ನ್ ಬರ್ಡ್‌ವಿಂಗ್, ಕನ್ನಡ ಬಾವುಟದ ಹಳದಿ ಕೆಂಪು ಎರಡೂ ಅದರ ಮೈಮೇಲಿವೆ. ಆದರೆ ಲೆಕ್ಕ ನೋಡಿ. ನಮ್ಮ ದೇಶದಲ್ಲಿ ಚಿಟ್ಟೆಗಳು 1,300 ಜಾತಿಗಿಂತ ಸ್ವಲ್ಪ ಜಾಸ್ತಿ. ಪತಂಗಗಳು 10,000ಕ್ಕೂ ಜಾಸ್ತಿ. ಒಂದು ಜಾತಿಯ ಚಿಟ್ಟೆಗೆ ಏಳೆಂಟು ಜಾತಿಯ ಪತಂಗ. ಹುಳ ತಿನ್ನುವ ಬಾವಲಿಗಳಲ್ಲಿ ಎಷ್ಟೋ ಹಿಡಿದು ತಿನ್ನುವುದು ಇವನ್ನೇ. ಮೈನಾ, ಸಿಂಪಿಗ ಹಕ್ಕಿಗಳು ಮರಿಗಳ ಬಾಯಿಗೆ ತುರುಕುವುದು ಇವುಗಳ ಹುಳುವನ್ನೇ. ಪಾರಿಜಾತದ ಹೂ ಕತ್ತಲಾದ ಮೇಲೆ ಅರಳಿ ಬೆಳಗಾಗುವಷ್ಟರಲ್ಲಿ ಉದುರುತ್ತದಲ್ಲ, ಬೆಳ್ಳಗೆ ಇರುವುದು, ಘಮಘಮ ಅನ್ನುವುದು, ಕಿತ್ತಳೆ ಬಣ್ಣದ ಆ ಸಣ್ಣ ಕೊಳವೆ, ಎಲ್ಲವೂ ಕತ್ತಲಲ್ಲಿ ಉದ್ದ ನಾಲಿಗೆ ಚಾಚಿಕೊಂಡು ಬರುವ ಪತಂಗಕ್ಕಾಗಿ. ನಾವು ಬೆಳಿಗ್ಗೆ ಹೋಗಿ ಆರಿಸಿಕೊಂಡು ಬರುತ್ತೇವೆ ಅಷ್ಟೇ.

ಯಾವುದನ್ನು ಬರೆಸುವುದು ಅಂತ ನೀವು ಕೇಳಬಹುದು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಯಾಕೆಂದರೆ ಗೋಡೆ ಕೈಗೆ ಬಂದಾಗ ಕಲಾವಿದರಿಗೆ ಇದೇ ಬೇಕಾಗುತ್ತದೆ.

ನಂದಿಬಟ್ಟಲ ಪತಂಗ ಅಂತೂ ಸರಿ. ಇನ್ನೊಂದು ಮತ್ತಿ ಮರದ್ದು. ಮತ್ತಿ, ಹೊಳೆಮತ್ತಿ, ಬೋರೆ ಗಿಡಗಳ ಎಲೆ ತಿಂದು ಬೆಳೆಯುವ ಟಸರ್ ಪತಂಗ. ಗಂಡು ಇಟ್ಟಿಗೆ ಬಣ್ಣ, ಹೆಣ್ಣು ಹೆಚ್ಚಾಗಿ ಹಳದಿ. ನಾಲ್ಕೂ ರೆಕ್ಕೆಯ ನಡುವೆ ಗಾಜು ಕೂರಿಸಿದ ಹಾಗೆ ಒಂದೊಂದು ದುಂಡನೆಯ ಕಿಟಕಿ, ಆಚೆ ಕಡೆ ಇರುವುದು ಅದರೊಳಗಿಂದ ಕಾಣುತ್ತದೆ. ಇದರ ಗೂಡನ್ನು ನೋಡಿದವರು ಕಾಯಿ ಅಂದುಕೊಳ್ಳುತ್ತಾರೆ. ಗಟ್ಟಿಯಾದ ತೊಟ್ಟು ಮಾಡಿ, ಅದನ್ನು ಕೊಂಬೆಗೆ ಉಂಗುರದ ಹಾಗೆ ಸುತ್ತಿ, ಮೊಟ್ಟೆಯಾಕಾರದ ಗೂಡನ್ನು ಹುಳು ನೇತು ಹಾಕಿರುತ್ತದೆ. ಫ್ಲೈಓವರಿನ ಒಂದು ಕಂಬವನ್ನು ಮತ್ತಿ ಮರದ ಕಾಂಡ ಮಾಡಿ, ಸೇತುವೆಯ ಅಡಿಭಾಗಕ್ಕೆ ಕೊಂಬೆ ಹರಡಿಸಿ, ಅಲ್ಲಿಂದ ಈ ಗೂಡುಗಳನ್ನು ಇಳಿಬಿಟ್ಟ ಹಾಗೆ ಬರೆದರೆ ಹೇಗಿರುತ್ತದೆ! ಸಿಗ್ನಲ್ಲಿನಲ್ಲಿ ನಿಂತವರು ತಲೆ ಎತ್ತಿ ನೋಡುತ್ತಾರೆ.

ಗೌರಿ ಹೂ ಗೊತ್ತಲ್ಲ, ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿ ಹಚ್ಚಿದ ಹಾಗೆ ಕೆಂಪು ಹಳದಿಯಾಗಿ ಅರಳುವ ಬಳ್ಳಿ. ಅದರ ಎಲೆಯನ್ನೂ ಲಿಲ್ಲಿ ಜಾತಿಯ ಗಿಡಗಳ ಎಲೆಯನ್ನೂ ತಿನ್ನುವ ಒಂದು ಸಣ್ಣ ಪತಂಗ ಇದೆ. ಕಪ್ಪು ರೆಕ್ಕೆಯ ಮೇಲೆ ಕೆಂಪು ಹಳದಿ ಚುಕ್ಕಿ, ರಂಗೋಲಿ ಹಾಕಿದ ಹಾಗೆ ತುಂಬಿರುತ್ತವೆ. ಉಗುರಿಗಿಂತ ಸ್ವಲ್ಪ ದೊಡ್ಡದು. ಅದನ್ನು ಹತ್ತು ಅಡಿ ಮಾಡಿ ಬರೆದರೆ ಯಾವ ಗುಲಾಬಿ ಚಿಟ್ಟೆಯೂ ಅದರ ಮುಂದೆ ನಿಲ್ಲುವುದಿಲ್ಲ. ಗೌರಿ ಹೂವಿನ ಗಡ್ಡೆ ತುಂಬಾ ವಿಷ, ಹಾಗಾಗಿ ಶಾಲೆಯ ಗೋಡೆಯಾದರೆ ಅದು ಚಿತ್ರದಲ್ಲಿ ಮಾತ್ರ ಇರಲಿ, ಬುಡದಲ್ಲಿ ನೆಡುವುದು ಬೇಡ. ಕಣಗಿಲೆಗೂ ಇದೇ ಮಾತು.

ಎಳ್ಳಿನ ಹೊಲದಲ್ಲಿ ಬೆಳೆಯುವ ಒಂದು ಪತಂಗದ ಬೆನ್ನ ಮೇಲೆ ತಲೆಬುರುಡೆಯ ಹಾಗೆ ಗುರುತಿರುತ್ತದೆ. ಮುಟ್ಟಿದರೆ ಇಲಿಯ ಹಾಗೆ ಕಿಚ್ ಅನ್ನುತ್ತದೆ. ರಾತ್ರಿ ಜೇನುಗೂಡಿನೊಳಗೆ ನುಗ್ಗಿ ತುಪ್ಪ ಕುಡಿದು ಬರುತ್ತದೆ, ಜೇನು ಸಾಕುವವರನ್ನು ಕೇಳಿ ನೋಡಿ. ಪಶ್ಚಿಮ ಘಟ್ಟದ ಅಟ್ಲಾಸ್ ಪತಂಗವಂತೂ ಒಂದು ಗೇಣಿಗೂ ಮೀರಿದ್ದು. ರೆಕ್ಕೆಯ ತುದಿ ಹಾವಿನ ಹೆಡೆಯ ಹಾಗೆ ಬಾಗಿರುತ್ತದೆ. ಮಲೆನಾಡು, ಕೊಡಗಿನ ಕಡೆ ಅದು ಯಾರದೋ ಮನೆಯ ಗೋಡೆಯ ಮೇಲೆ ಕೂತರೆ ಮಾರನೇ ದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಅಪರೂಪದ ದೈತ್ಯ ಚಿಟ್ಟೆ ಅಂತ. ಅಷ್ಟು ದೊಡ್ಡ ಮೈ ಇದ್ದರೂ ತಿನ್ನಲು ಬಾಯಿ ಇಲ್ಲ. ಹುಳುವಾಗಿದ್ದಾಗ ದಾಲ್ಚಿನ್ನಿಯಂಥ ಮರಗಳ ಎಲೆ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ, ಜೊತೆ ಹುಡುಕಿ, ಮೊಟ್ಟೆ ಇಟ್ಟು ಸಾಯುತ್ತದೆ. ಅದು ಘಟ್ಟದ ಜೀವ, ಬೆಂಗಳೂರಿನ ಗೋಡೆಗಿಂತ ಮಡಿಕೇರಿಯದೋ ಸಕಲೇಶಪುರದ್ದೋ ಬಸ್ ನಿಲ್ದಾಣಕ್ಕೆ ಅದು ಒಪ್ಪುತ್ತದೆ. ನಮ್ಮೂರಿನ ಗೋಡೆಗೆ ನಮ್ಮೂರಿನದೇ ಇರಲಿ: ಅತ್ತಿಮರದ ಎಲೆ ತಿನ್ನುವ ಕಿತ್ತಳೆ ಮೈಯಿನ ಪತಂಗ, ಹುಲ್ಲಿನ ಮೇಲೆ ಹಗಲಲ್ಲೇ ಕಣಜದ ವೇಷದಲ್ಲಿ ಹಾರುವ ಪುಟ್ಟ ಪತಂಗ, ಎಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಟಬೆಬುಯಾ, ಗುಲ್‌ಮೊಹರ್, ಜಕರಂದ ಎಲ್ಲ ಹೊರಗಿನಿಂದ ಬಂದ ಮರಗಳು. ಗುಲ್‌ಮೊಹರ್ ಮಡಗಾಸ್ಕರಿನದು, ಉಳಿದೆರಡು ಅಮೆರಿಕ ಖಂಡದ ಬಿಸಿ ಸೀಮೆಯವು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವ ಹಾಗೆ ಈ ಊರಿನ ಬೀದಿಗಳನ್ನು ಯೋಚಿಸಿದರು, ಆ ಚೆಲುವನ್ನು ನಾವು ಇವತ್ತಿಗೂ ಅನುಭವಿಸುತ್ತಿದ್ದೇವೆ. ಅವನ್ನು ಕಡಿಯಿರಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಆದರೆ ಫೋಟೋದಲ್ಲೂ ಅವೇ, ಗೋಡೆಯ ಮೇಲೂ ಅವೇ ಆದರೆ ಹೊಂಗೆ, ಮತ್ತಿ, ಅತ್ತಿ, ಕಕ್ಕೆ, ಪಾರಿಜಾತಗಳನ್ನು ನಮ್ಮ ಮಕ್ಕಳು ಎಲ್ಲಿ ನೋಡಬೇಕು? ಹುಳು ತಿನ್ನದ ಗಿಡ ಬೇಕು ಅಂತ ನರ್ಸರಿಯಲ್ಲಿ ಕೇಳುವವರನ್ನು ನಾನೇ ಕಂಡಿದ್ದೇನೆ. ಎಲೆಯಲ್ಲಿ ತೂತು ಕಂಡರೆ ಗಿಡಕ್ಕೆ ರೋಗ ಅನ್ನುತ್ತಾರೆ. ಆ ತೂತಿನ ಪಕ್ಕವೇ ಹುಳುವನ್ನೂ, ಅದರ ಪಕ್ಕ ಅದು ಆಗುವ ಪತಂಗವನ್ನೂ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರೆ ಔಷಧಿ ಹೊಡೆಯುವ ಕೈ ಒಂದು ಕ್ಷಣ ತಡೆಯುತ್ತದೆ ಅನ್ನುವುದು ನನ್ನ ನಂಬಿಕೆ. ಹಾಗಾಗಿ ಚಿತ್ರದಲ್ಲಿ ಎಲೆಗಳು ತೂತಾಗಿಯೇ ಇರಲಿ. ಇದನ್ನು ಕಲಾವಿದರು ಮರೆಯಬಾರದು.

ನಾನು ಹುಟ್ಟಿದ್ದು ರಾಮನಗರದ ಕಡೆ ಹಳ್ಳಿಯಲ್ಲಿ. ನಮ್ಮಜ್ಜಿ ರೇಷ್ಮೆ ಹುಳು ಸಾಕುತ್ತಿದ್ದಳು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ ಹುಳುಗಳು ಹಿಪ್ಪುನೇರಳೆ ಸೊಪ್ಪು ಮುಕ್ಕುವ ಸದ್ದು ರಾತ್ರಿಯೆಲ್ಲ ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದ ಹಾಗೆ ಕೇಳಿಸುತ್ತಿತ್ತು. ಹಣ್ಣಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡುವುದು ನಮ್ಮಂಥ ಮಕ್ಕಳ ಕೆಲಸ. ಆ ಹುಳುಗಳ ದುಡ್ಡಿನಲ್ಲೇ ನಾನು ಓದಿದೆ. ಆದರೆ ಹತ್ತು ವರ್ಷ ಆಗುವವರೆಗೂ ಅದರ ಪತಂಗವನ್ನು ನಾನು ನೋಡಿರಲಿಲ್ಲ! ಗೂಡು ಮಾರುಕಟ್ಟೆಗೆ ಹೋಗುತ್ತಿತ್ತು, ಅಲ್ಲಿಂದ ನೂಲು ಬಿಚ್ಚುವವರ ಕುದಿಯುವ ನೀರಿಗೆ. ಒಂದು ಸಲ ಅಟ್ಟದ ಮೂಲೆಯಲ್ಲಿ ಬಿದ್ದು ಉಳಿದ ನಾಲ್ಕು ಗೂಡು ತೂತಾಗಿ, ಬೆಳ್ಳಗೆ ಹಿಟ್ಟು ಮೆತ್ತಿದ ಹಾಗಿದ್ದ ನಾಲ್ಕು ಪತಂಗಗಳು ಹೊರಗೆ ಬಂದು ಕೂತಿದ್ದವು. ರೆಕ್ಕೆ ಪಟಪಟ ಬಡಿಯುತ್ತಿದ್ದವು, ಹಾರಲು ಬರುತ್ತಿರಲಿಲ್ಲ. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲಿ ಬೆಳೆದು ಆ ಜಾತಿಗೆ ಹಾರುವುದೇ ಹೋಗಿದೆ. ಅಜ್ಜಿ ಅವನ್ನು ಮೊರದಲ್ಲಿ ಎತ್ತಿಟ್ಟು, "ಇವೇ ಕಣೋ ನಮ್ಗೆ ಅನ್ನ ಹಾಕೋವು" ಅಂದಳು. ಅವು ಆ ಮೊರದಲ್ಲೇ ಮೊಟ್ಟೆ ಇಟ್ಟು ಸತ್ತವು.

ರೇಷ್ಮೆ ಹುಳು ಚೀನಾದಿಂದ ಬಂದದ್ದು, ಇಲ್ಲಿಯ ಕಾಡಿನದಲ್ಲ, ಅದು ನನಗೂ ಗೊತ್ತು. ಆದರೂ ಭಾರತದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ಮದುವೆ ಸೀರೆಯಿಂದ ದೇವರ ಪೀತಾಂಬರದವರೆಗೆ ನಾವು ಉಡುವುದು, ಉಡಿಸುವುದು ಒಂದು ಪತಂಗದ ಗೂಡನ್ನು. ಹೀಗಿದ್ದೂ ಈ ನಾಡಿನ ರಾಜಧಾನಿಯ ಗೋಡೆಗಳಲ್ಲಿ ನನ್ನ ಕಣ್ಣಿಗೆ ಒಂದು ಪತಂಗವೂ ಬಿದ್ದಿಲ್ಲ. ದಕ್ಷಿಣ ಪಾಲಿಕೆಯ ಆಯುಕ್ತರಲ್ಲಿ ಒಂದು ವಿಶೇಷ ಕೋರಿಕೆ: ಕನಕಪುರ ರಸ್ತೆಯ ಕಡೆ ಒಂದು ಗೋಡೆ ಸಿಕ್ಕರೆ ಅಲ್ಲಿ ಚಂದ್ರಿಕೆಗಳನ್ನು ಬರೆಸಿ. ಬಿದಿರಿನ ತಟ್ಟೆ, ಒಳಗೆ ಸುರುಳಿ ಸುರುಳಿಯಾಗಿ ಸುತ್ತಿದ ಬಿದಿರ ಪಟ್ಟಿ, ಆ ಸುರುಳಿಯ ಸಂದಿನಲ್ಲಿ ಹಳದಿ ಗೂಡು. ಅದಕ್ಕಿಂತ ಚೆಂದದ ಚಿತ್ತಾರವನ್ನು ನಾನಂತೂ ನೋಡಿಲ್ಲ. ಆ ರಸ್ತೆಯಲ್ಲಿ ಗೂಡಿನ ಮೂಟೆ ಹೊತ್ತು ಹೋಗುವ ರೈತರು ಗಾಡಿ ನಿಲ್ಲಿಸಿ ನೋಡುತ್ತಾರೆ.

ಚಿತ್ತಾರ ಅಂದಾಗ ನೆನಪಾಯಿತು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಗೋಡೆಯ ಚಿತ್ರವೇ ಗಿಡದಿಂದ ಬಂದದ್ದು ಅಂದರೆ ಇದು. ಮಳೆ ಬೀಳುವ ಬಯಲಿನ ಗೋಡೆಗೆ ಅಕ್ಕಿ ಹಿಟ್ಟು ನಿಲ್ಲುವುದಿಲ್ಲ ಅನ್ನುವುದು ಗೊತ್ತು, ಅಲ್ಲಿ ಪೇಂಟೇ ಆಗಬೇಕು. ಆದರೆ ಮಳೆ ತಾಗದ ಸುರಂಗದಾರಿಯ ಒಳಗೋಡೆಗೋ ವಾರ್ಡ್ ಕಚೇರಿಯ ಜಗಲಿಗೋ ಅವರನ್ನು ಕರೆಸಿ ಬರೆಸಬಹುದಲ್ಲ. ಆ ನೇರ ಗೆರೆ, ಅಡ್ಡ ಗೆರೆ, ಓರೆ ಗೆರೆಗಳ ಲೆಕ್ಕಾಚಾರದಲ್ಲಿ ಪತಂಗದ ರೆಕ್ಕೆ ಎಷ್ಟು ಸಲೀಸಾಗಿ ಕೂರುತ್ತದೆ ಅಂತ ಒಮ್ಮೆ ಬರೆಸಿ ನೋಡಿ.

ಕಲಾವಿದರ ಕೂಲಿಯ ವಿಷಯ. ಸ್ವಯಂಸೇವೆ ಅಂತ ಕಾಲೇಜು ಮಕ್ಕಳನ್ನು ಕರೆದು, ಒಂದು ಟೀ ಶರ್ಟು, ಒಂದು ಊಟದ ಪೊಟ್ಟಣ ಕೊಟ್ಟು ಗೋಡೆ ಬರೆಸುವುದನ್ನು ನೋಡಿದ್ದೇನೆ. ಮಕ್ಕಳು ಬರಲಿ, ಕಲಿಯಲಿ. ಆದರೆ ಗೋಡೆಯ ಜವಾಬ್ದಾರಿ ಹೊತ್ತ ಕಲಾವಿದರಿಗೆ ಅಡಿ ಲೆಕ್ಕದಲ್ಲಿ ಸರಿಯಾದ ದುಡ್ಡು ಕೊಡಿ, ಮತ್ತು ಮೂಲೆಯಲ್ಲಿ ಅವರ ಹೆಸರು ಬರೆಯಲು ಜಾಗ ಕೊಡಿ. ಪ್ರಾಯೋಜಕರ ಲೋಗೋ ಎಷ್ಟು ದೊಡ್ಡದಿರುತ್ತದೋ ಅಷ್ಟೇ ದೊಡ್ಡದಾಗಿ.

ಪ್ರತಿ ಚಿತ್ರದ ಕೆಳಗೆ ಗಿಡದ ಹೆಸರು, ಪತಂಗದ ಹೆಸರು ಕನ್ನಡದಲ್ಲಿ ಇರಲಿ. ಗಿಡಕ್ಕಾದರೆ ಹೆಸರಿದೆ. ಪತಂಗಗಳಿಗೆ ನಮ್ಮಲ್ಲಿ ಹೆಸರು ತೀರಾ ಕಡಿಮೆ. ಎಲ್ಲವೂ ದೀಪದ ಹುಳು, ಇಲ್ಲವೇ ಚಿಟ್ಟೆ. ಹೆಸರಿಲ್ಲದ್ದಕ್ಕೆ ಆ ಬೀದಿಯ ಸರ್ಕಾರಿ ಶಾಲೆಯ ಮಕ್ಕಳಿಂದ ಹೆಸರು ಇಡಿಸಿ. ಗಾಜುಗಣ್ಣ, ಎಳ್ಳುಬುರುಡೆ, ಗೌರಿಚುಕ್ಕಿ, ಇವೆಲ್ಲ ನಮ್ಮ ಮನೆಯ ಮಕ್ಕಳು ಇಟ್ಟವು, ನನಗೇ ಹೊಳೆದಿರಲಿಲ್ಲ.

ಈಗ ಲೈಟಿನ ವಿಷಯಕ್ಕೆ ಬರುತ್ತೇನೆ. ಈ ಪತ್ರದಲ್ಲಿ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಪತಂಗ ದೀಪಕ್ಕೆ ಮರುಳಾಗಿ ಬಂದು ಬೀಳುತ್ತದೆ ಅಂತ ನಾವೆಲ್ಲ ಕೇಳುತ್ತಾ ಬೆಳೆದವರು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿ ವೇಗದ ಕ್ಯಾಮೆರಾ ಇಟ್ಟು ದೀಪದ ಸುತ್ತ ಹಾರುವ ಹುಳುಗಳನ್ನು ನೋಡಿದರು. ಅವು ದೀಪದ ಕಡೆಗೆ ನೇರವಾಗಿ ಬರುತ್ತಿರಲಿಲ್ಲ. ದೀಪಕ್ಕೆ ಬೆನ್ನು ಕೊಡುತ್ತಿದ್ದವು. ಕೋಟಿಗಟ್ಟಲೆ ವರ್ಷ ರಾತ್ರಿಯಲ್ಲಿ ನೆಲಕ್ಕಿಂತ ಆಕಾಶವೇ ಸ್ವಲ್ಪ ಬೆಳ್ಳಗೆ ಕಂಡಿದೆ, ಬೆನ್ನನ್ನು ಬೆಳಕಿನ ಕಡೆ ಇಟ್ಟುಕೊಂಡರೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಅವಕ್ಕೆ ತಪ್ಪುವುದಿಲ್ಲ. ನಾವು ಪಕ್ಕದಲ್ಲಿ ಒಂದು ದೀಪ ಹಚ್ಚಿದರೆ ಅದನ್ನೇ ಆಕಾಶ ಅಂದುಕೊಂಡು ಓರೆಯಾಗುತ್ತವೆ, ಸುತ್ತುತ್ತಲೇ ಇರುತ್ತವೆ. ದೀಪ ಕೆಳಗಿದ್ದರಂತೂ ತಲೆಕೆಳಗಾಗಿ ನೆಲಕ್ಕೆ ಬಡಿಯುತ್ತವೆ. ನೆಲದಿಂದ ಮೇಲಕ್ಕೆ ಬಿಡುವ ಫೋಕಸ್ ಲೈಟು ಮಾಡುವುದು ಇದನ್ನೇ. ಎಲ್ಲ ಜಾತಿಯೂ ಒಂದೇ ರೀತಿ ಇಲ್ಲ, ನಮ್ಮ ನಂದಿಬಟ್ಟಲ ಪತಂಗವೇ ಆ ಪ್ರಯೋಗದಲ್ಲಿ ಹಾಗೆ ತಿರುಗಲಿಲ್ಲ. ಆದರೆ ನಾನು ಆವತ್ತು ನೋಡಿದ ರೆಕ್ಕೆಗಳ ಗುಡ್ಡೆಗೆ ಕಾರಣ ಇದು.

ರಸ್ತೆಗೆ ದೀಪ ಬೇಕು. ಹೆಣ್ಣುಮಕ್ಕಳು, ರಾತ್ರಿ ಪಾಳಿಯವರು ಕತ್ತಲಲ್ಲಿ ನಡೆಯಬೇಕು ಅಂತ ಯಾರೂ ಹೇಳುವುದಿಲ್ಲ. ಬೀದಿದೀಪ ಇರಲಿ, ಅದರ ಬೆಳಕು ಕೆಳಗೆ ರಸ್ತೆಗೆ ಬೀಳಲಿ, ಬಿಳಿ ನೀಲಿ ಎಲ್ಇಡಿಗಿಂತ ಹಳದಿ ಬೆಳಕು ಹುಳುಗಳನ್ನು ಕಡಿಮೆ ಸೆಳೆಯುತ್ತದೆ, ಸಾಧ್ಯವಾದ ಕಡೆ ಅದನ್ನು ಹಾಕಿ. ಗೋಡೆಗೆ ಅಂತಲೇ ಹಾಕುವ ಅಲಂಕಾರದ ಲೈಟು ಮಾತ್ರ ಬೇಡ. ಚಿತ್ರವನ್ನು ಹಗಲು ನಾವು ನೋಡೋಣ, ರಾತ್ರಿ ಬುಡದ ಗಿಡಕ್ಕೆ ಬರುವವರು ಬರಲಿ.

ಕಸ, ಮೂತ್ರದ ಮಾತು ನಿಮ್ಮ ಎಂಜಿನಿಯರುಗಳು ಎತ್ತುತ್ತಾರೆ ಅಂತ ಗೊತ್ತು. ಮಣ್ಣು ಬಿಟ್ಟರೆ ಕಸ ಸುರಿಯುತ್ತಾರೆ, ಲೈಟು ಇಲ್ಲದಿದ್ದರೆ ಗಲೀಜು ಮಾಡುತ್ತಾರೆ ಅಂತ. ಸುಳ್ಳಲ್ಲ. ಅದಕ್ಕೇ ಹೇಳುವುದು, ಎರಡು ಅಡಿ ಮಣ್ಣನ್ನು ಖಾಲಿ ಬಿಡಬೇಡಿ, ಒತ್ತಾಗಿ ನೆಡಿಸಿ. ನಂದಿಬಟ್ಟಲು ಆಳೆತ್ತರಕ್ಕೆ ಪೊದೆಯಾಗುತ್ತದೆ, ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಮುಂದಿನ ಸಾಲಿಗೆ ತುಂಬೆ. ಗೋಡೆ ಉದ್ದ ಇದ್ದರೆ ಇಪ್ಪತ್ತು ಅಡಿಗೆ ಒಂದು ಮರ, ಅತ್ತಿಯೋ ಹೊಂಗೆಯೋ, ಬೇರು ಗೋಡೆಯನ್ನು ಎತ್ತದ ಹಾಗೆ ಸ್ವಲ್ಪ ದೂರದಲ್ಲಿ. ಉದುರಿದ ಎಲೆಯನ್ನು ಗುಡಿಸಿ ಸುಡುವುದು ಬೇಡ, ಅಲ್ಲೇ ಬುಡಕ್ಕೆ ತಳ್ಳಿದರೆ ಸಾಕು. ಕೋಶ ಇರುವುದು ಅದರೊಳಗೆ. ಗುಡಿಸುವ ಅಕ್ಕಂದಿರಿಗೆ ಒಂದು ಮಾತು ಹೇಳಿದರೆ ಅವರು ನಮಗಿಂತ ಚೆನ್ನಾಗಿ ಕಾಯುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. ಔಷಧಿ ಸಿಂಪಡಿಸುವವರಿಗೂ ಆ ಗೋಡೆಯ ಗಿಡ ಬಿಡಿ ಅಂತ ಬರಹದಲ್ಲಿ ಆದೇಶ ಕೊಡಿ, ಬಾಯಿಮಾತಿನಲ್ಲಿ ಅದು ಉಳಿಯುವುದಿಲ್ಲ.

ಮೈ ತುಂಬ ಕೂದಲಿರುವ ಕೆಲವು ಕಂಬಳಿಹುಳು ಮುಟ್ಟಿದರೆ ತುರಿಕೆ ಬರುತ್ತದೆ, ಇದನ್ನು ಮುಚ್ಚಿಡಬಾರದು. ನುಗ್ಗೆಮರದ ಕಂಬಳಿಹುಳು ಯಾರಿಗೆ ಗೊತ್ತಿಲ್ಲ. ಮುಟ್ಟಬೇಡಿ, ನೋಡಿ ಅಂತ ಗೋಡೆಯ ಮೇಲೆ ಬರೆಸಿದರೆ ಆಯಿತು. ನಂದಿಬಟ್ಟಲಿನ ಹುಳುವಿಗೆ ಕೂದಲೂ ಇಲ್ಲ, ಕುಟುಕುವುದೂ ಇಲ್ಲ.

ಜುಲೈ ಕೊನೆಯ ವಾರದಲ್ಲಿ ಪತಂಗ ನೋಡುವ ವಾರ ಅಂತ ಆಚರಿಸುತ್ತಾರೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ನಮ್ಮ ದೇಶದಲ್ಲೂ ಎಷ್ಟೋ ಜನ ಸೇರಿಕೊಂಡಿದ್ದಾರೆ. ಎರಡು ಗೂಟಕ್ಕೆ ಒಂದು ಬಿಳಿ ಬೆಡ್‌ಶೀಟು ಕಟ್ಟಿ, ಒಂದು ಗಂಟೆ ಮಾತ್ರ ಸಣ್ಣ ದೀಪ ಹಿಡಿದು, ಬಂದವನ್ನು ನೋಡಿ, ಫೋಟೋ ತೆಗೆದು, ದೀಪ ಆರಿಸಿ ಅವನ್ನು ಅವುಗಳ ಪಾಡಿಗೆ ಬಿಡುವುದು. ನೀವು ಐವರೂ ಒಂದು ಸಂಜೆ ಬನ್ನಿ. ಲಾಲ್‌ಬಾಗೇ ಆಗಬೇಕು ಅಂತಿಲ್ಲ, ನಮ್ಮ ಮನೆಯ ಮಹಡಿಯೂ ಆದೀತು. ಬರೆಸುವ ಚಿತ್ರ ಯಾವುದು ಅಂತ ಆ ಬೆಡ್‌ಶೀಟು ನೋಡಿಯೇ ತೀರ್ಮಾನ ಮಾಡಬಹುದು.

ಬಸ್ ಸ್ಟಾಪಿನ ಗೋಡೆಯ ಆ ಗುಲಾಬಿ ಚಿಟ್ಟೆ ಹಾಗೇ ಇರಲಿ, ಯಾರೋ ಬಿಸಿಲಲ್ಲಿ ನಿಂತು ಬರೆದದ್ದು. ಮೂರು ಲೈಟು ತೆಗೆಸಿ, ಒಂದು ಸಾಲು ಟೈಲ್ಸ್ ಎಬ್ಬಿಸಿ ಕೊಡಿ. ನಂದಿಬಟ್ಟಲು ಕಡ್ಡಿ ನೆಟ್ಟರೆ ಬರುತ್ತದೆ. ನಮ್ಮ ಗೇಟಿನ ಗಿಡದಿಂದ ಇಪ್ಪತ್ತು ಕಡ್ಡಿ ಕತ್ತರಿಸಿ ಹಾಲಿನ ಪ್ಯಾಕೆಟ್ಟುಗಳಲ್ಲಿ ಮಣ್ಣು ತುಂಬಿ ನೆಟ್ಟಿದ್ದೇನೆ, ಹದಿನಾರು ಚಿಗುರಿವೆ. ಒಂದರ ಎಲೆಯ ಅಡಿಯಲ್ಲಿ ಮೊನ್ನೆ ಸಾಸಿವೆಗಿಂತ ಸಣ್ಣ, ತಿಳಿಹಸಿರು ಮೊಟ್ಟೆಯೂ ಕಂಡಿತು. ಮಣ್ಣು ಯಾವತ್ತು ಸಿಗುತ್ತದೆ ಅಂತ ತಿಳಿಸಿದರೆ ನಾನೇ ತಂದು ನೆಡುತ್ತೇನೆ.

ಇಂತಿ,
ನಂದಿಬಟ್ಟಲು ಗಿಡದ ಮನೆಯವನು, ಬೆಂಗಳೂರು